ಕನ್ನಡಿ ಮೇಸ್ತ್ರಿ ಬೆಳೆಸಿದ ತುಕ್ಕು

ನಮ್ಮ ಗ್ಯಾರೇಜಿನಲ್ಲಿ ಬಣ್ಣ ಹೊಡೆಯುತ್ತಿದ್ದವರನ್ನು ಎಲ್ಲರೂ ಕನ್ನಡಿ ಮೇಸ್ತ್ರಿ ಎಂದೇ ಕರೆಯುತ್ತಿದ್ದೆವು. ಅವರು ಬಣ್ಣ ಹೊಡೆದ ಕಾರಿನ ಬಾಗಿಲ ಮುಂದೆ ನಿಂತು ತಲೆ ಬಾಚಿಕೊಳ್ಳಬಹುದಿತ್ತು. ಬಾಚಿಕೊಂಡವರೂ ಇದ್ದಾರೆ, ಅವರಲ್ಲಿ ನಾನೂ ಒಬ್ಬ. ನಾನು ಅಲ್ಲೇ ಸೀಟು ಹೊಲಿಯುವವನು. ಅವರ ಶೆಡ್ಡಿಗೂ ನನ್ನ ಹೊಲಿಗೆ ಯಂತ್ರಕ್ಕೂ ನಡುವೆ ಇದ್ದದ್ದು ಒಂದು ತಗಡಿನ ಗೋಡೆ ಅಷ್ಟೆ. ಹೀಗಾಗಿ ಅವರ ಮೂವತ್ತೊಂದು ವರ್ಷದ ಕೆಲಸದಲ್ಲಿ ಹದಿನೆಂಟು ವರ್ಷದ್ದನ್ನು ನಾನು ಕಿವಿಯಿಂದಲೇ ಬಲ್ಲೆ. ಮೊದಲು ತುಕ್ಕು ಕೆರೆಯುವ ಸದ್ದು, ಆಮೇಲೆ ಉಪ್ಪುಕಾಗದ ಉಜ್ಜುವ ಸದ್ದು, ಕೊನೆಗೆ ಸ್ಪ್ರೇ ಗನ್ನಿನ ಬುಸ್ಸೆನ್ನುವ ಉಸಿರು. ತುಕ್ಕು ಕಂಡರೆ ಮೇಸ್ತ್ರಿಗೆ ಆಗುತ್ತಲೇ ಇರಲಿಲ್ಲ. ಯಾರದೋ ಮನೆಯ ಗೇಟಿನ ಹತ್ತಿರ ನಿಂತು ಹರಟುವಾಗಲೂ ಅವರ ಉಗುರು ಅಲ್ಲಿನ ತುಕ್ಕಿನ ಚುಕ್ಕೆಯನ್ನು ಹುಡುಕಿ ಕೆರೆಯುತ್ತಿರುತ್ತಿತ್ತು.

ಐವತ್ತಮೂರನೆಯ ವಯಸ್ಸಿಗೆ ಕೆಮ್ಮು ಹತ್ತಿಕೊಂಡಿತು. ಡಾಕ್ಟರು ಎದೆಯ ಎಕ್ಸ್‌ರೇ ಬೆಳಕಿಗೆ ಹಿಡಿದು ನೋಡಿ, ಇನ್ನು ಮೇಲೆ ಬಣ್ಣದ ಹೊಗೆ ಮೂಗಿಗೆ ಸೋಕಕೂಡದು ಎಂದರಂತೆ. ಬಟ್ಟೆ ಕಟ್ಟಿಕೊಂಡು ಹೊಡೆದರೆ ನಡೆಯುತ್ತದೆಯೇ, ಅರ್ಧ ದಿನ ಮಾತ್ರ ಹೊಡೆದರೆ ಹೇಗೆ ಎಂದು ಮೇಸ್ತ್ರಿ ಚೌಕಾಸಿಗೆ ಇಳಿದರು. ಪಕ್ಕದಲ್ಲಿ ಹೆಂಡತಿ ಕೂತಿದ್ದರಿಂದ ಚೌಕಾಸಿ ಕುದುರಲಿಲ್ಲ.

ಗ್ಯಾರೇಜಿನ ಯಜಮಾನರು ಒಳ್ಳೆಯವರು, ಮನೆಗೆ ಕಳಿಸಲಿಲ್ಲ. ಹಿಂದಿನ ಹಳೆ ಬಿಡಿಭಾಗಗಳ ಕೋಣೆಯನ್ನು ನೋಡಿಕೊಳ್ಳಿ ಎಂದು ಬೀಗದ ಕೈ ಕೊಟ್ಟರು. ಒಂದೇ ಕಿಟಕಿಯ ಉದ್ದನೆಯ ಕೋಣೆ ಅದು. ಗೋಡೆಯ ಉದ್ದಕ್ಕೂ ಕಬ್ಬಿಣದ ಹಲಗೆಗಳು, ಬಿಸ್ಕತ್ತಿನ ಡಬ್ಬಿಗಳಲ್ಲಿ ನಟ್ಟು ಬೋಲ್ಟು, ಮೂಲೆಯಲ್ಲಿ ಒಂದರ ಮೇಲೊಂದು ಬಿದ್ದ ಸೈಲೆನ್ಸರುಗಳು. ದಿನಕ್ಕೆ ನಾಲ್ಕೈದು ಸಲ ಯಾರಾದರೂ ಬಂದು ಇಂಥದ್ದು ಇದೆಯಾ ಎಂದು ಕೇಳುತ್ತಿದ್ದರು. ಉಳಿದಂತೆ ಕೈಕಟ್ಟಿ ಕೂರುವ ಕೆಲಸ, ಅದು ಅವರಿಗೆ ಬಾರದ ವಿದ್ಯೆ. ಆಚೆ ಶೆಡ್ಡಿನಲ್ಲಿ ಹೊಸ ಪೇಂಟರು ಗನ್ ಒತ್ತಿದಾಗಲೆಲ್ಲ ಮೇಸ್ತ್ರಿ ಕಣ್ಣು ಮುಚ್ಚಿ, "ತುಂಬಾ ಹತ್ತಿರ ಹಿಡಿದ, ಇಳಿಯುತ್ತೆ ನೋಡು" ಎನ್ನುತ್ತಿದ್ದರು. ಸಂಜೆ ಹೋಗಿ ನೋಡಿದರೆ ಬಣ್ಣ ಗೆರೆಗೆರೆಯಾಗಿ ಇಳಿದೇ ಇರುತ್ತಿತ್ತು.

ಎರಡು ತಿಂಗಳಾದ ಮೇಲೆ ಒಂದು ಮಧ್ಯಾಹ್ನ ನಾನು ಸೀಟಿನ ಸ್ಪ್ರಿಂಗು ಹುಡುಕಿಕೊಂಡು ಆ ಕೋಣೆಗೆ ಹೋದೆ. ಮೇಸ್ತ್ರಿ ಒಂದು ಹಳೆಯ ಮಡ್‌ಗಾರ್ಡನ್ನು ತೊಡೆಯ ಮೇಲಿಟ್ಟುಕೊಂಡು ಕಿಟಕಿಯ ಬೆಳಕಿಗೆ ಹಿಡಿದಿದ್ದರು.

"ಇಲ್ಲಿ ಬಾ. ಇದರಲ್ಲಿ ಎಷ್ಟು ಬಣ್ಣ ಇದೆ ಹೇಳು."

"ಬಣ್ಣ ಎಲ್ಲಿದೆ ಮೇಸ್ತ್ರಿ, ಬರೀ ತುಕ್ಕು."

"ನಾನೂ ಇಷ್ಟು ವರ್ಷ ಹಾಗೇ ಅಂದ್ಕೊಂಡಿದ್ದೆ. ಸರಿಯಾಗಿ ನೋಡು."

ನೋಡಿದೆ. ಅಂಚಿನಲ್ಲಿ ಕಿತ್ತಳೆ, ನಡುವೆ ಇಟ್ಟಿಗೆಯ ಕೆಂಪು, ನೀರು ನಿಂತಿದ್ದ ಕಡೆ ಕಾಫಿಪುಡಿಯಂಥ ಕಂದು, ಒಂದು ಮೂಲೆಯಲ್ಲಿ ಹೆಚ್ಚುಕಡಿಮೆ ನೇರಳೆ. ಮೂವತ್ತೊಂದು ವರ್ಷ ಇದನ್ನು ಕೆರೆದು ಗುಡಿಸಿ ಹೊರಗೆ ಎಸೆದಿದ್ದೇನೆ, ಒಂದು ದಿನವೂ ಕಣ್ಣಿಟ್ಟು ನೋಡಲಿಲ್ಲ ಎಂದರು ಮೇಸ್ತ್ರಿ. ಇದಕ್ಕೆ ಗನ್ ಬೇಡ, ಹೊಗೆಯಿಲ್ಲ, ಡಾಕ್ಟರು ತಕರಾರು ಮಾಡುವಂತಿಲ್ಲ. ಒಂದು ಇಡೀ ಬೈಕಿಗೆ ತುಕ್ಕಿನದೇ ಬಣ್ಣ ಕೊಟ್ಟರೆ ಹೇಗಿರುತ್ತದೆ ಎಂದು ಕೇಳಿದರು. ಬಿಸಿಲು ತಲೆಗೇರಿದೆ ಎಂದುಕೊಂಡು ಸ್ಪ್ರಿಂಗು ತೆಗೆದುಕೊಂಡು ಬಂದೆ.

ಮರುದಿನವೇ ಕೆಲಸ ಶುರುವಾಗಿತ್ತು. ಅವರದೇ ಒಂದು ಹಳೆಯ ಬೈಕು ಮನೆಯ ಹಿಂದೆ ತಗಡಿನ ಕೆಳಗೆ ಆರು ವರ್ಷದಿಂದ ಮಲಗಿತ್ತು. ಚಾಸಿ ಗಟ್ಟಿಯಿತ್ತು, ಇಂಜಿನ್ ಬಿಚ್ಚಿ ತೊಳೆದರೆ ಏಳುವಂತಿತ್ತು, ಕಾಗದಪತ್ರವೂ ಸರಿಯಿತ್ತು. ಉಳಿದದ್ದನ್ನೆಲ್ಲ ಕೋಣೆಯಿಂದ ಆರಿಸಿದರು. ಒಂದು ಕಂಪನಿಯ ಟ್ಯಾಂಕು, ಇನ್ನೊಂದರ ಹ್ಯಾಂಡಲ್ಲು, ಹೆಸರೇ ಅಳಿಸಿಹೋದ ಯಾವುದೋ ಗಾಡಿಯ ಹೆಡ್‌ಲೈಟು. ಹೇಗೂ ಗುಜರಿಗೆ ಹೋಗುವ ಸಾಮಾನು, ತೆಗೆದುಕೊಳ್ಳಿ ಎಂದರು ಯಜಮಾನರು. ಆದರೆ ಉದ್ದೇಶ ಕೇಳಿದ ಮೇಲೆ ಅವರ ಮುಖ ಸಣ್ಣದಾಯಿತು. ದಯವಿಟ್ಟು ಅದನ್ನು ಗ್ಯಾರೇಜಿನ ಮುಂದೆ ಮಾತ್ರ ನಿಲ್ಲಿಸಬೇಡಿ, ಬರುವ ಗಿರಾಕಿಯೂ ತಿರುಗಿ ಹೋಗುತ್ತಾನೆ ಎಂದು ಕೈ ಮುಗಿದರು. ಹೀಗಾಗಿ ಕೆಲಸ ಮನೆಗೆ ಹೋಯಿತು.

ಮನೆಯಲ್ಲಿ ಮೇಸ್ತ್ರಿಯ ಹೆಂಡತಿ ಲಾಂಡ್ರಿ ನಡೆಸುತ್ತಿದ್ದರು. ಎರಡು ಲಾಡ್ಜುಗಳ ಬಿಳಿ ಹಾಸುಗಳು ಅಲ್ಲೇ ಒಗೆತಕ್ಕೆ ಬರುತ್ತಿದ್ದವು. ಮುಂದಿನ ಕೋಣೆಯಲ್ಲಿ ಇಸ್ತ್ರಿಯ ಮೇಜು, ಹಿತ್ತಿಲಲ್ಲಿ ಆರು ಸಾಲು ಹಗ್ಗ. ಅಂಥ ಮನೆಗೆ ತುಕ್ಕು ತರುವುದೆಂದರೆ ಹಾಲಿನ ಪಾತ್ರೆಯ ಪಕ್ಕ ನಿಂಬೆಹಣ್ಣು ಹಿಂಡುತ್ತಾ ಕೂತಂತೆ. ಆದರೂ ಮೇಸ್ತ್ರಿ ಹಿತ್ತಿಲ ಮೂಲೆಯಲ್ಲಿ ಟ್ಯಾಂಕಿನ ಹಳೆ ಬಣ್ಣವನ್ನು ಉಜ್ಜಿ ತೆಗೆದರು. ಒಳಭಾಗವನ್ನು ತೊಳೆದು ಮುಚ್ಚಿ, ಹೊರಗೆ ವಿನೆಗರಿನಲ್ಲಿ ಉಪ್ಪು ಕರಗಿಸಿ ಸಿಂಪಡಿಸಿದರು, ಬಿಸಿಲಿಗಿಟ್ಟರು, ಮತ್ತೆ ಸಿಂಪಡಿಸಿದರು. ಬ್ರೇಕು, ಚೈನು, ಚಕ್ರದ ಬೇರಿಂಗುಗಳೆಲ್ಲ ಹೊಚ್ಚ ಹೊಸದು. ತುಕ್ಕು ಚರ್ಮಕ್ಕೆ ಮಾತ್ರ, ಕರುಳಿಗಲ್ಲ ಎನ್ನುವುದು ಅವರ ನಿಯಮ. ಕಪ್ಪು ಛಾಯೆ ಬೇಕಾದ ಕಡೆ ಗಟ್ಟಿ ಚಹಾದ ಕಷಾಯ ಸವರುತ್ತಿದ್ದರು. ಬಣ್ಣದ ಕೈಯಲ್ಲವೇ, ಕೋಟಿಂಗಿನ ಮೇಲೆ ಕೋಟಿಂಗು ಲೆಕ್ಕ ಹಾಕಿಯೇ ಕೊಡುತ್ತಿದ್ದರು.

ನಾಲ್ಕನೆಯ ದಿನ ಗಾಳಿಗೆ ಒಂದು ಹಾಸು ಹಗ್ಗದಿಂದ ಜಾರಿ ಒದ್ದೆಯಾಗಿಯೇ ಟ್ಯಾಂಕಿನ ಮೇಲೆ ಬಿತ್ತು. ಎತ್ತುವಷ್ಟರಲ್ಲಿ ಟ್ಯಾಂಕಿನ ಆಕಾರವೇ ಅದರ ಮೇಲೆ ಅಚ್ಚಾಗಿತ್ತು. ಆ ದಿನ ಮೇಸ್ತ್ರಿ ಎಷ್ಟು ಮಾತು ಕೇಳಿದರು ಎಂಬುದನ್ನು ಅವರು ನನಗೆ ಹೇಳಲಿಲ್ಲ, ಮೂರು ಮನೆಯಾಚೆಯ ನಮ್ಮ ಮನೆಯಿಂದಲೇ ಎಲ್ಲ ಕೇಳಿಸಿಕೊಂಡಿದ್ದ ನನ್ನ ಹೆಂಡತಿ ಹೇಳಿದಳು. ಗಾಡಿ ಹಗ್ಗಗಳಿಂದ ದೂರ, ನೀರಿನ ತೊಟ್ಟಿಯ ಹಿಂದಕ್ಕೆ ಗಡೀಪಾರಾಯಿತು.

ಇದನ್ನೆಲ್ಲ ಬಾಗಿಲಲ್ಲಿ ಕೂತು ನೋಡುತ್ತಿದ್ದವರು ಮೇಸ್ತ್ರಿಯ ತಾಯಿ. ಎಂಬತ್ತರ ಹತ್ತಿರದ ವಯಸ್ಸು, ಒಂದು ಕಣ್ಣಿಗೆ ಪೊರೆ, ಆದರೂ ಕೂತಲ್ಲಿ ಕೂರುವ ಜೀವವಲ್ಲ. ಮಗ ಇಂಥ ಕೆಲಸಕ್ಕೆ ಇಳಿದಿದ್ದಾನೆ ಎಂದು ಅವರಿಗೆ ಒಳಗೊಳಗೇ ಸಂಕಟ. ಆಚೆ ಈಚೆಯವರು ಇಣುಕಿ ನೋಡಿ ನಗುವಾಗ ತಲೆ ತಗ್ಗಿಸುತ್ತಿದ್ದರಂತೆ.

ಟ್ಯಾಂಕು ಹದಕ್ಕೆ ಬರಲು ಮೂರು ವಾರ ಹಿಡಿಯಿತು. ಭಾನುವಾರ ಬೆಳಿಗ್ಗೆ ನಾನು ಹೊಲಿದಿದ್ದ ಕಂದು ಚರ್ಮದ ಸೀಟನ್ನು ಕಂಕುಳಲ್ಲಿ ಇಟ್ಟುಕೊಂಡು ಹೋದೆ. ಮೇಸ್ತ್ರಿ ಆಗಷ್ಟೇ ಪೇಟೆಯಿಂದ ಅಗಸೆ ಎಣ್ಣೆ ತಂದಿದ್ದರು. ಅಡುಗೆ ಸೋಡಾದ ನೀರಿನಿಂದ ಒರೆಸಿ ಎಣ್ಣೆ ಹಚ್ಚಿದರೆ ತುಕ್ಕು ಇದ್ದಲ್ಲೇ ನಿಂತುಬಿಡುತ್ತದೆ ಎಂದು ವಿವರಿಸುತ್ತಾ ನನ್ನನ್ನು ತೊಟ್ಟಿಯ ಹಿಂದಕ್ಕೆ ಕರೆದುಕೊಂಡು ಹೋದರು.

ಟ್ಯಾಂಕು ಹೊಸ ಪಾತ್ರೆಯ ಹಾಗೆ ಹೊಳೆಯುತ್ತಿತ್ತು. ಪಕ್ಕದಲ್ಲಿ ಮೇಸ್ತ್ರಿಯ ಅಮ್ಮ ಮೋಟು ಸ್ಟೂಲಿನ ಮೇಲೆ ಕೂತಿದ್ದರು, ಕೈಯಲ್ಲಿ ಪಾತ್ರೆ ತಿಕ್ಕುವ ತಂತಿ ಉಂಡೆ, ಮುಂದೆ ಸೋಪಿನ ನೀರು, ಹಿಂಡಿ ಬಿಸಾಡಿದ ಏಳೆಂಟು ನಿಂಬೆಹಣ್ಣಿನ ಸಿಪ್ಪೆ. ಮೊಣಕೈವರೆಗೂ ಕೆಂಪು ನೀರು.

ಮೇಸ್ತ್ರಿ ಎಣ್ಣೆಯ ಬಾಟಲಿಯನ್ನು ತೊಟ್ಟಿಯ ಕಟ್ಟೆಯ ಮೇಲೆ ಇಟ್ಟು ತಾವೂ ಅಲ್ಲೇ ಕೂತರು. ನನಗೆ ಸೀಟನ್ನು ಎಲ್ಲಿ ಬಚ್ಚಿಡಲಿ ಎನ್ನಿಸಿತು.

"ಯಾಕಮ್ಮಾ?" ಎಂದರು ಕೊನೆಗೆ, ಮೆಲ್ಲಗೆ.

ಅಮ್ಮ ಕೈ ತೊಳೆದುಕೊಳ್ಳುತ್ತಾ ಹೇಳಿದರು: "ಊರಲ್ಲಿರೋರ ಗಾಡಿಗೆಲ್ಲ ಥಳಥಳ ಅಂತ ಬಣ್ಣ ಹೊಡೆದೆ. ನಿನ್ನ ಗಾಡೀಗೆ ಮಾತ್ರ ಈ ಗತಿ. ಮೈ ಸರಿಯಿಲ್ಲ, ಇವನ ಕೈಲಿ ಇನ್ನು ಆಗಲ್ಲ ಅಂತ ಜನ ಆಡ್ಕೋತಾರೆ. ನಂಗೆ ನೋಡೋಕಾಗಲಿಲ್ಲ ಕಣೋ."

ಮೇಸ್ತ್ರಿ ತಾಯಿಯ ಕೈ ಹಿಡಿದು ನೋಡಿದರು. ತಂತಿಗೆ ಎರಡು ಬೆರಳ ತುದಿ ಸುಲಿದಿತ್ತು. ಒಳಗೆ ಹೋಗಿ ಮುಲಾಮು ತಂದು ಹಚ್ಚಿದರು. ಹಚ್ಚುತ್ತಾ, ಇದು ಆಗದೆ ಬಿಟ್ಟದ್ದಲ್ಲ, ಬೇಕೆಂದೇ ಮಾಡಿದ್ದು ಎಂದು ಚಿಕ್ಕ ಮಕ್ಕಳಿಗೆ ಹೇಳುವಂತೆ ಮೊದಲಿನಿಂದ ವಿವರಿಸಿದರು. ಅಮ್ಮನಿಗೆ ಪೂರ್ತಿ ನಂಬಿಕೆ ಬಂದಂತೆ ಕಾಣಲಿಲ್ಲ. ಆದರೆ ತಾನು ತಿಕ್ಕಿದ್ದು ಕೊಳೆಯಲ್ಲ, ಮಗನ ಮೂರು ವಾರ ಎನ್ನುವಷ್ಟು ಅರ್ಥವಾಯಿತು. ಮುಖ ಸಪ್ಪಗಾಯಿತು.

ಅಷ್ಟರಲ್ಲಿ ಮೇಸ್ತ್ರಿಯ ಹೆಂಡತಿ ಒದ್ದೆ ಬಟ್ಟೆಯ ಬಕೆಟ್ಟು ಹಿಡಿದು ಬಂದರು. ಅತ್ತೆಯನ್ನು ನೋಡಿದರು, ಗಂಡನನ್ನು ನೋಡಿದರು, ಟ್ಯಾಂಕನ್ನು ನೋಡಿದರು. ನಗುತ್ತಾರೋ ಬೈಯುತ್ತಾರೋ ಎಂದು ನಾನು ಕಾದೆ. ಅವರು ಬಕೆಟ್ಟು ಕೆಳಗಿಟ್ಟರು.

"ನೀವು ಸಿಂಪಡಿಸ್ಕೊಂಡು ಕೂತ್ರೆ ಇನ್ನೂ ಮೂರು ವಾರ ಆಗುತ್ತೆ ರೀ. ಕಬ್ಬಿಣದ ಮೇಲೆ ಒದ್ದೆ ಬಟ್ಟೆ ಬಿದ್ರೆ ಎಷ್ಟು ಬೇಗ ತುಕ್ಕು ಏಳುತ್ತೆ ಅಂತ ನನ್ನ ಕೇಳಿ. ನೇಯ್ಗೆ ಎಳೆ ಎಳೆಯಾಗಿ ಮೂಡುತ್ತೆ. ಇಪ್ಪತ್ತು ವರ್ಷದಿಂದ ಅದನ್ನೇ ತೆಗೀತಿದ್ದೀನಿ."

ಇಷ್ಟು ವರ್ಷ ಒಂದೇ ಮನೆಯಲ್ಲಿ ಇಬ್ಬರೂ ತುಕ್ಕಿನ ಜೊತೆ ಹೋರಾಡಿದ್ದಾರೆ, ಒಬ್ಬರು ತಗಡಿನಲ್ಲಿ, ಒಬ್ಬರು ಬಟ್ಟೆಯಲ್ಲಿ. ಆದರೆ ಆ ಬಗ್ಗೆ ಒಂದು ದಿನವೂ ಮಾತಾಡಿಕೊಂಡಿರಲಿಲ್ಲ. ಮೇಸ್ತ್ರಿ ಬಾಯಿ ತೆರೆದವರು ಮುಚ್ಚಲು ಮರೆತರು. ಯಾವ ಬಟ್ಟೆ ಸುತ್ತೋಣ, ದಪ್ಪದ್ದೋ ತೆಳ್ಳಗಿನದ್ದೋ ಎಂದು ಗಂಡ ಹೆಂಡತಿ ಚರ್ಚೆಗೆ ಇಳಿದರು. ಅಮ್ಮ ಎದ್ದು ಗೋಡೆ ಹಿಡಿದುಕೊಂಡು ಒಳಗೆ ಹೋದರು. ಬೇಸರದಿಂದ ಹೋದರು ಎಂದುಕೊಂಡೆವು. ಸ್ವಲ್ಪ ಹೊತ್ತಿಗೆ ಟ್ರಂಕಿನ ಮುಚ್ಚಳದ ಸದ್ದು ಕೇಳಿಸಿತು. ಅವರು ತಂದದ್ದು ಒಂದು ಹಳದಿಗಟ್ಟಿದ ಮೇಜುಬಟ್ಟೆ, ಮದುವೆಗೆ ಮುಂಚೆ ತಾವೇ ಕ್ರೋಶಾ ಕಡ್ಡಿಯಲ್ಲಿ ಹೆಣೆದದ್ದು, ತುಂಬಾ ಹೂವು, ಎಲೆ, ತೂತು.

"ಇದು ಮೂಡುತ್ತಾ ನೋಡು," ಎಂದು ಸೊಸೆಯ ಕೈಗೆ ಕೊಟ್ಟರು.

ಅದು ಹಾಳಾಗುತ್ತದೆ ಎಂದು ಸೊಸೆ ಎರಡು ಸಲ ಹೇಳಿದರು. ಇಷ್ಟು ದಿನ ಟ್ರಂಕಿನಲ್ಲಿ ಇದ್ದು ಏನು ಉದ್ಧಾರವಾಯಿತು ಎಂದು ಅಮ್ಮ ಕೇಳಿದರು. ಉಪ್ಪು, ವಿನೆಗರಿನಲ್ಲಿ ಬಟ್ಟೆಯನ್ನು ಅದ್ದಿ ಟ್ಯಾಂಕಿಗೆ ಸುತ್ತಿದರು. ಸುಕ್ಕಿಲ್ಲದಂತೆ ಎಳೆದು ಕಟ್ಟುವುದನ್ನು ಮಾತ್ರ ಲಾಂಡ್ರಿ ನಡೆಸುವ ಸೊಸೆ ಬೇರೆ ಯಾರಿಗೂ ಬಿಡಲಿಲ್ಲ. ಬಟ್ಟೆ ಒಣಗಲು ಬಿಡದಂತೆ ದಿನಕ್ಕೆ ಹತ್ತು ಸಲ ನೀರು ಚಿಮುಕಿಸುವ ಕೆಲಸ ಅಮ್ಮನದು.

ಬಿಚ್ಚಿದ್ದು ಬುಧವಾರ. ನಾನು ಕೆಲಸಕ್ಕೆ ತಡವಾದರೂ ಪರವಾಗಿಲ್ಲ ಎಂದು ಹೋಗಿದ್ದೆ. ಬಟ್ಟೆ ಅಲ್ಲಲ್ಲಿ ಹರಿದು ಬಂತು, ಅದರ ಆಯುಷ್ಯ ಅಲ್ಲಿಗೆ ಮುಗಿದಿತ್ತು. ಟ್ಯಾಂಕಿನ ಮೇಲೆ ತಿಳಿ ಕಿತ್ತಳೆಯಲ್ಲಿ ಕಡುಕಂದು ಹೂವುಗಳು ಸಾಲುಸಾಲಾಗಿ ಮೂಡಿದ್ದವು. ಕೆಲವು ಸ್ಪಷ್ಟ, ಕೆಲವು ಹೊಗೆಯಂತೆ, ಒಂದು ಕಡೆ ಗಂಟು ಬಿದ್ದಲ್ಲಿ ಬರೀ ಮಸಿ. ಮೇಸ್ತ್ರಿ ಅದನ್ನು ಎಲ್ಲ ಕೋನದಿಂದಲೂ ನೋಡಿದರು. ನನ್ನ ಗನ್ನಿನಿಂದ ಇದು ಜನ್ಮದಲ್ಲಿ ಬರುತ್ತಿರಲಿಲ್ಲ ಎಂದರು. ಹೆಂಡತಿ, ನೋಡಿದ್ದು ಸಾಕು, ಬೇಗ ಎಣ್ಣೆ ಹಚ್ಚಿ ಎಂದರು.

ಮುಂದಿನ ವಾರ ಗಾಡಿ ರಸ್ತೆಗಿಳಿಯಿತು. ಇಂಜಿನ್ ಮೂರನೆಯ ಒದೆತಕ್ಕೆ ಎದ್ದಿತು. ನನ್ನ ಸೀಟು ಒಂದು ಬೆರಳು ಎಡಕ್ಕೆ ವಾಲಿತ್ತು, ಅದನ್ನು ನಾನು ಈಗಲೂ ಒಪ್ಪಿಕೊಂಡಿಲ್ಲ. ಗ್ಯಾರೇಜಿನ ಹಿಂಬಾಗಿಲಿನಿಂದ ಒಳಗೆ ತಂದರೂ ಸುದ್ದಿ ಮುಂಬಾಗಿಲಿಗೆ ಹೋಯಿತು. ಯಜಮಾನರು ಬಂದು ಸುತ್ತು ಹಾಕಿದರು, ಟ್ಯಾಂಕಿನ ಮೇಲೆ ಬೆರಳಾಡಿಸಿದರು, ಬೆರಳಿಗೇನಾದರೂ ಅಂಟಿತೇ ಎಂದು ನೋಡಿಕೊಂಡರು. ಅಂಟಿರಲಿಲ್ಲ. ನಾಳೆಯಿಂದ ಮುಂದೆಯೇ ನಿಲ್ಲಿಸಿ, ಆದರೆ ಹೂವು ಇರುವ ಕಡೆ ರಸ್ತೆಗೆ ಕಾಣುವಂತಿರಲಿ ಎಂದು ಹೇಳಿ ಹೋದರು.

ಅಮ್ಮನ ಕಣ್ಣಿನ ಪೊರೆ ತೆಗೆಸುವ ದಿನ ಬಂದಾಗ ಆಟೋ ಕರೆಯಲು ಹೊರಟ ಸೊಸೆಯನ್ನು ಅವರೇ ತಡೆದರಂತೆ. ಗಾಡಿ ಇರುವಾಗ ಆಟೋ ಯಾಕೆ ಎಂದು ಕೇಳಿ, ಮಗನ ಭುಜ ಹಿಡಿದು ಒಂದೇ ಪಕ್ಕಕ್ಕೆ ಕಾಲು ಹಾಕಿ ಕೂತರು. ಸೊಸೆ ಬಸ್ಸಿನಲ್ಲಿ ಹೋಗಬೇಕಾಯಿತು. ಅವರು ತಲುಪುವಷ್ಟರಲ್ಲಿ ಆಸ್ಪತ್ರೆಯ ಅಂಗಳದಲ್ಲಿ ಗಾಡಿಯ ಸುತ್ತ ಐದಾರು ಜನ ಸೇರಿದ್ದರು. ಯಾರೋ ಒಬ್ಬರು ಕನಿಕರದಿಂದ, ಪಾಪ, ಮಳೆಗೆ ಬಿಟ್ಟಿದ್ದಿರಾ ಎಂದು ಕೇಳಿದ್ದರು. ಮೇಸ್ತ್ರಿ ಉತ್ತರ ಕೊಡಲು ಬಾಯಿ ತೆರೆಯುವ ಮೊದಲೇ ಅಮ್ಮ ಶುರು ಹಚ್ಚಿಕೊಂಡರು. ವಿನೆಗರು, ಉಪ್ಪು, ದಿನಕ್ಕೆ ಹತ್ತು ಸಲ ನೀರು. ಬಟ್ಟೆಯನ್ನು ಮೂರು ದಿನ ಕಟ್ಟಿದ್ದನ್ನು ಹನ್ನೆರಡು ದಿನ ಎಂದರು, ಮೇಸ್ತ್ರಿ ತಿದ್ದಲು ಹೋಗಲಿಲ್ಲ.

"ಟ್ಯಾಂಕು ನಂದು," ಎಂದು ಮುಗಿಸಿದರು ಅಮ್ಮ. "ಉಳಿದಿದ್ದೆಲ್ಲ ಇವನದೇ."

ಒಳಗಿನಿಂದ ನರ್ಸು ಕೂಗಿದರು. ಅಮ್ಮ ಸೊಸೆಯ ಕೈ ಹಿಡಿದುಕೊಂಡು ಒಳಗೆ ಹೋದರು. ಕನಿಕರಪಟ್ಟಿದ್ದ ಆಸಾಮಿ ಜೇಬಿನಿಂದ ಒಂದು ಚೀಟಿ ತೆಗೆದು, ಉಪ್ಪು ಎಷ್ಟು ಚಮಚ ಎಂದಿರಿ ಎಂದು ಮೇಸ್ತ್ರಿಯನ್ನು ಕೇಳಿದರು.