ಅಂಗೈಗೆ ಹಚ್ಚಿದ ವಿಭೂತಿ

ಇದು 1989ರ ಮಾತು. ಹಾವೇರಿ ಆಗಿನ್ನೂ ಧಾರವಾಡ ಜಿಲ್ಲೆಯಲ್ಲೇ ಇತ್ತು. ನಾನು ರಾಣೆಬೆನ್ನೂರಿನಲ್ಲಿ ಪಿಯುಸಿ ಓದುತ್ತಿದ್ದೆ. ಓದುತ್ತಿದ್ದೆ ಎನ್ನುವುದು ಮನೆಯವರ ನಂಬಿಕೆ; ನಾನು ಹೆಚ್ಚು ಹೊತ್ತು ಮೈದಾನದ ಸಿಂಗಲ್ ಬಾರ್‌ಗೆ ಜೋತುಬಿದ್ದಿರುತ್ತಿದ್ದೆ. ನಮ್ಮ ಪಿ.ಟಿ. ಮಾಸ್ತರರು ಹಳೇ ಪತ್ರಿಕೆಯಿಂದ ಸ್ವಿಟ್ಜರ್ಲೆಂಡಿನ ಜಿಮ್ನಾಸ್ಟ್ ಒಬ್ಬನ ಚಿತ್ರ ಕತ್ತರಿಸಿ ಗೋಡೆಗೆ ಅಂಟಿಸಿದ್ದರು. ಬಾರ್ ಮೇಲೆ ತಲೆಕೆಳಗಾಗಿ ನೆಟ್ಟಗೆ ನಿಂತಿದ್ದ ಆ ಪುಣ್ಯಾತ್ಮನನ್ನು ನೋಡಿ ನೋಡಿ, ಬಿದ್ದು ಎದ್ದು, ಪೂರ್ತಿ ಸುತ್ತು ಹೊಡೆಯುವುದನ್ನು ಕಲಿತಿದ್ದೆ.

ಬೀಜದ ಅಂಗಡಿ ನಡೆಸುತ್ತಿದ್ದ ಅಬ್ಬಾಗೆ ಮಗನ ಈ ಕೋತಿಯಾಟ ಸುತರಾಂ ಹಿಡಿಸಿರಲಿಲ್ಲ. ಹಾವೇರಿಯಲ್ಲಿ ನಡೆಯಲಿದ್ದ ಜಿಲ್ಲಾ ಮಟ್ಟದ ಜಿಮ್ನಾಸ್ಟಿಕ್ಸ್ ಸ್ಪರ್ಧೆಯಲ್ಲಿ ಮೊದಲು ಬಂದರೆ ರಾಜ್ಯ ಮಟ್ಟಕ್ಕೆ ಹೋಗು, ಇಲ್ಲದಿದ್ದರೆ ಎಲ್ಲ ಬಿಟ್ಟು ಅಂಗಡಿಯಲ್ಲಿ ಕೂತುಕೋ ಎಂದು ಖಡಾಖಂಡಿತವಾಗಿ ಹೇಳಿದ್ದರು.

ಹಾವೇರಿಯಲ್ಲಿ ಇಳಿದು ನೋಡಿದರೆ, ಕೈಗೆ ಹಚ್ಚಿಕೊಳ್ಳುವ ಬಿಳಿ ಪುಡಿಯ ಡಬ್ಬಿ ಬಸ್ಸಿನಲ್ಲೇ ಉಳಿದು ಹುಬ್ಬಳ್ಳಿ ಕಡೆ ಹೊರಟುಹೋಗಿತ್ತು. ನನ್ನ ಅಂಗೈ ಮೊದಲೇ ವಿಪರೀತ ಬೆವರುತ್ತಿತ್ತು. ಪುಡಿ ಇಲ್ಲದೆ ಸುತ್ತು ಹೊಡೆದರೆ ಕೈ ಜಾರಿ ಸೊಂಟ ಮುರಿಯುವುದು ಗ್ಯಾರಂಟಿ. ಬೇರೆ ತಂಡಗಳವರನ್ನು ಕೇಳಿದೆ. ತಮಗೇ ಸಾಲದು ಎಂದರು. ಮೈದಾನದ ಮಣ್ಣು ಹಚ್ಚಿದೆ, ಅದು ಬೆವರಿಗೆ ಕೆಸರಾಯಿತು. ನನ್ನ ಸರದಿ ಹತ್ತಿರ ಬಂದಂತೆ ಅಳುವೇ ಬಂತು.

ನನ್ನ ದೊಡ್ಡ ಎದುರಾಳಿ ಬ್ಯಾಡಗಿಯ ಬಸವರಾಜ. ಅವನ ಆಟ ಮುಗಿದಿತ್ತು, ಎಲ್ಲರಿಗಿಂತ ಮುಂದಿದ್ದ. ಮೊಮ್ಮಗನನ್ನು ನೋಡಲು ಬಂದಿದ್ದ ಅವನ ಅಜ್ಜಿ ನನ್ನ ಒದ್ದಾಟ ಗಮನಿಸಿ, ಕರೆದು ವಿಚಾರಿಸಿದರು. ಹೇಳಿದೆ. ಅವರು ಕೈಚೀಲದಿಂದ ವಿಭೂತಿ ಗಟ್ಟಿ ತೆಗೆದು ಕೈ ಚಾಚು ಎಂದರು.

ನಾನು ಹಿಂದೆ ಸರಿದೆ. ನಮ್ಮ ಓಣಿಯಲ್ಲಿ ಲಿಂಗಾಯತರ ಮನೆಗಳೇ ಹೆಚ್ಚು; ವಿಭೂತಿಯನ್ನು ನೆಲಕ್ಕೆ ಬೀಳಿಸಬಾರದು, ತುಳಿಯಬಾರದು ಎನ್ನುವುದು ನನಗೆ ಚೆನ್ನಾಗಿ ಗೊತ್ತಿತ್ತು.

“ಬ್ಯಾಡ್ರಿ ಆಯಿ. ನಾವು ಮುಸಲ್ಮಾನ್ರು. ಅದೂ ಅಲ್ದ, ಕೆಳಗ ಉದುರತೈತ್ರಿ,” ಎಂದೆ.

“ಅದು ಉದುರಿದ್ರ ಉದುರ್ಲಿ. ನೀ ಬೀಳಬ್ಯಾಡ,” ಎಂದು ನನ್ನ ಕೈ ಎಳೆದುಕೊಂಡು ತಾವೇ ತಿಕ್ಕಿದರು.

ಬಾರ್ ಹಿಡಿದ ಕೂಡಲೇ ಕೈ ಕಚ್ಚಿ ನಿಂತಿತು. ತೂಗಾಡಿ ಮೇಲೇರಿದೆ. ಒಂದು ಕ್ಷಣ ತಲೆಕೆಳಗಾಗಿ ನೆಟ್ಟಗೆ ನಿಂತೆ. ಹಾವೇರಿಗೆ ಹಾವೇರಿಯೇ ಉಲ್ಟಾ ಕಂಡಿತು. ಸುತ್ತಿನ ಮೇಲೆ ಸುತ್ತು ಹೊಡೆದು ಹಾರಿ ಇಳಿದೆ. ಕಾಲು ಅಲುಗಲಿಲ್ಲ. ಚಪ್ಪಾಳೆ ಕೇಳಿದಾಗಲೇ ಗೆದ್ದೆ ಎಂದು ಗೊತ್ತಾಯಿತು. ಮೊದಲ ಸ್ಥಾನಕ್ಕೆ ನನ್ನ ಹೆಸರು ಕೂಗಿದರು.

ಎರಡನೆಯವನಾದ ಬಸವರಾಜ ಬಂದು, “ನಮ್ಮ ಆಯಿನ ನನ್ನ ಸೋಲಿಸಿದ್ಲು ನೋಡಪಾ,” ಎಂದು ಬೆನ್ನಿಗೆ ಗುದ್ದಿದ. ಗುದ್ದು ಸ್ವಲ್ಪ ಜೋರಾಗಿಯೇ ಇತ್ತು. ಪದಕ ನೋಡಿದ ಅಬ್ಬಾ ಅದನ್ನು ಅಂಗಡಿಗೆ ಬಂದವರಿಗೆಲ್ಲ ತೋರಿಸಿದರು. ಮುಂದೆ ರಾಜ್ಯ ಮಟ್ಟದಲ್ಲೂ ಆಡಿದೆ, ಗೆದ್ದೆ.

ಆದರೆ ನಾನು ಮರೆಯದಿರುವುದು ಬೇರೆ. ಅಂದು ಕಾಲಿಗೆ ಬೀಳಲು ಹೋದಾಗ ಅಜ್ಜಿ ತಡೆದು ನನ್ನ ಎರಡೂ ಕೈ ಹಿಡಿದುಕೊಂಡರು. ಅಂಗೈಯಲ್ಲಿ ಬೆವರಿನೊಂದಿಗೆ ಉಳಿದಿದ್ದ ವಿಭೂತಿಯನ್ನು ಮೂರು ಬೆರಳಿನಿಂದ ಬಳಿದು, ಅಷ್ಟು ಜನರ ಎದುರಿಗೇ ತಮ್ಮ ಹಣೆಗೆ ಹಚ್ಚಿಕೊಂಡರು. ನನ್ನ ಕೈಗಳ ಬಗ್ಗೆ ಅಷ್ಟು ಹೆಮ್ಮೆ ನನಗೆ ಮತ್ತೆಂದೂ ಆಗಿಲ್ಲ.