ಹಾಸಿಗೆ ಗೂಡಿನ ಕ್ರಿಕೆಟ್ ಬಾನುಲಿ

ಜಗತ್ತಿನ ದೊಡ್ಡ ಬಾನುಲಿ ಕೇಂದ್ರಗಳಿಗೆ ಗೋಪುರವಿರುತ್ತದೆ, ಗೇಟಿನಲ್ಲಿ ಕಾವಲುಗಾರನಿರುತ್ತಾನೆ. ಜಪಾನಿನ ಗ್ಯೋಟೋಕು ಕ್ರಿಕೆಟ್ ಬಾನುಲಿಗೆ ಇದ್ದದ್ದು ಹಾಸಿಗೆ ಮಡಚಿಡುವ ಗೋಡೆಗೂಡು ಒಂದೇ. ನಿಲಯ ನಿರ್ದೇಶಕ, ವೀಕ್ಷಕ ವಿವರಣೆಗಾರ, ಜಾಹೀರಾತು ವಿಭಾಗ, ಜವಾನ, ಎಲ್ಲವೂ ದ್ವಾರಕಾನಾಥನೇ. ಊರು ದಾವಣಗೆರೆ, ವಯಸ್ಸು ನಲವತ್ತೇಳು. ಕಾವಾಸಾಕಿಯ ಒಂದು ಕಾರ್ಖಾನೆಯಲ್ಲಿ ಯಂತ್ರಗಳು ಯಾರ ಬೆರಳನ್ನೂ ತಿನ್ನದಂತೆ ನೋಡಿಕೊಳ್ಳುವುದು ಅವನ ಉದ್ಯೋಗ. ಅದು ಹೊಟ್ಟೆಪಾಡು. ಭಾನುವಾರ ನದಿದಂಡೆಯಲ್ಲಿ ನಮ್ಮವರು ಆಡುವ ಪಂದ್ಯಗಳನ್ನು ಇಂಟರ್ನೆಟ್ಟಿನಲ್ಲಿ ಲೋಕಕ್ಕೆ ಸಾರುವುದು ಅವನ ಅವತಾರಕಾರ್ಯ.

ಬಾನುಲಿ ಹುಟ್ಟಿದ್ದು ಊಟದ ಮೇಜಿನ ಮೇಲೆ. ಒಂದು ದಿನ ಕೆಳಮನೆಯ ಮೊರಿತಾ-ಸಾನ್ ಲಿಫ್ಟಿನಲ್ಲಿ ಸಿಕ್ಕಿ, ನಡು ಬಗ್ಗಿಸಿ, ನಿಮ್ಮ ಮನೆಯಲ್ಲಿ ಎಂಥ ಲವಲವಿಕೆ ಎಂದು ಮೆಚ್ಚಿದರು. ದ್ವಾರಕಾನಾಥ ಎದೆಯುಬ್ಬಿಸಿ ಬಂದು ಹೆಂಡತಿಗೆ ಹೇಳಿದ.

"ಅದು ಹೊಗಳಿಕೆ ಅಲ್ಲ ರೀ," ಎಂದಳು ವಸುಧಾ. ಜಪಾನಿ ತಾಯಂದಿರ ಜೊತೆ ಶಾಲೆಯ ಗೇಟಿನಲ್ಲಿ ವರ್ಷಗಟ್ಟಲೆ ನಿಂತು ಪಳಗಿದವಳು. "ಬಾಯಿ ಮುಚ್ಚಿ ಅಂತ ಅರ್ಥ."

ಮರುವಾರವೇ ನಿಲಯ ಗೂಡಿಗೆ ಸ್ಥಳಾಂತರಗೊಂಡಿತು. ಹಾಸಿಗೆಗಳ ನಡುವೆ ಮಂಡಿ ಮಡಚಿ ಕೂತು, ಜಾರುಬಾಗಿಲು ಎಳೆದುಕೊಂಡರೆ ಸಿಂಹದ ಗರ್ಜನೆಯೂ ಹೊರಗೆ ಬೆಕ್ಕಿನ ಗೊರಕೆಯಷ್ಟೇ ಕೇಳುತ್ತಿತ್ತು.

2020ರ ವಸಂತದಲ್ಲಿ ರೋಗ ಬಂತು, ಮೈದಾನ ಮುಚ್ಚಿತು. ಆಟವಿಲ್ಲದ ಆಟದ ಬಾನುಲಿ ಏನು ಹೇಳಬೇಕು? ದ್ವಾರಕಾನಾಥನಿಗೆ ತನ್ನ ಶಾಲೆಯ ಹಿಂದಿನ ಬೆಂಚು ನೆನಪಾಯಿತು, ಅಲ್ಲಿ ಸಮಾಜ ಪಾಠದ ವೇಳೆ ಆಡುತ್ತಿದ್ದ ಬುಕ್ ಕ್ರಿಕೆಟ್ ನೆನಪಾಯಿತು. ಕಣ್ಣು ಮುಚ್ಚಿ ಪುಸ್ತಕ ತೆರೆಯಬೇಕು. ಎಡಪುಟದ ಸಂಖ್ಯೆಯ ಕೊನೆಯ ಅಂಕಿಯೇ ರನ್ನು. ಎಂಟು ಬಂದರೆ ಖಾಲಿ ಚೆಂಡು, ಸೊನ್ನೆ ಬಂದರೆ ಔಟು. ಮನೆಯಲ್ಲಿದ್ದ ಅತಿ ದಪ್ಪ ಪುಸ್ತಕ ಕಾರ್ಖಾನೆಯ ಸುರಕ್ಷತಾ ಕೈಪಿಡಿ. ವಸುಧಾ ಹೊರಗೆ ಕೂತು ಪುಟ ತೆರೆದು, ಬಾಗಿಲ ಸಂದಿಯಲ್ಲಿ ತೋರಿಸುವಳು. ಅವನು ಒಳಗಿಂದ ಚೆಂಡನ್ನು ನದಿಯಾಚೆ ಬಾರಿಸುವನು. ಗ್ಯೋಟೋಕು, ಫುನಾಬೊರಿ, ಕಾವಾಸಾಕಿ ತಂಡಗಳ ನಿಜವಾದ ಆಟಗಾರರೇ ಆಡಿದರು, ತಂತಮ್ಮ ಮನೆಗಳಲ್ಲಿ ಮಾಸ್ಕು ಹಾಕಿಕೊಂಡು ಕೂತಿದ್ದಂತೆಯೇ.

ಕಾವಾಸಾಕಿ ತಂಡದ ನಾಯಕ ಬಾಲಸುಬ್ರಹ್ಮಣ್ಯ ಮೊದಲ ಪಂದ್ಯ ಮುಗಿಯುತ್ತಲೇ ಫೋನು ಮಾಡಿದ.

"ಏನ್ರೀ ದ್ವಾರಕಾ, ನನ್ನನ್ನ ಡಕ್‌ಗೆ ಔಟ್ ಮಾಡಿದೀರಾ? ಎಲ್‌ಬಿಡಬ್ಲ್ಯೂ ಬೇರೆ?"

"ಪುಟ ನೂರ ಹತ್ತು ಬಂತು ಸ್ವಾಮಿ. ಬೆಂಕಿ ಆರಿಸೋ ಅಧ್ಯಾಯ."

"ಚೆಂಡು ಲೆಗ್ ಸ್ಟಂಪ್ ಹೊರಗೆ ಬಿದ್ದಿತ್ತು. ನನಗೆ ಗೊತ್ತಿಲ್ವಾ? ಸೋಫಾದಲ್ಲೇ ಕೂತಿದ್ದೆ."

ಈ ಅನ್ಯಾಯದ ವಿಚಾರಣೆಗೆ ಸಮಿತಿ ನೇಮಕವಾಯಿತು. ಸಮಿತಿ ಜೂಮ್‌ನಲ್ಲಿ ಸೇರಿ, ಅರ್ಧ ಹೊತ್ತು "ಮ್ಯೂಟ್ ತೆಗೀರಿ" ಎಂದು ಕೂಗಾಡಿ, ಅಂಪೈರ್ ತೀರ್ಪನ್ನೇ ಎತ್ತಿಹಿಡಿಯಿತು. ಬಾನುಲಿಯ ಚರಿತ್ರೆಯಲ್ಲಿ ಅದು ಸುವರ್ಣಯುಗ.

ಮುಂದಿನ ಜನವರಿಯಲ್ಲಿ ಶ್ರೀಕಂಠ ಸತ್ತ. ಫುನಾಬೊರಿಯವನು. ದ್ವಾರಕಾನಾಥ ಜಪಾನಿಗೆ ಬಂದಿಳಿದಾಗ ರೈಲು ಹತ್ತಿಸಿ, ಮನೆ ಹುಡುಕಿ ಕೊಟ್ಟ ಗೆಳೆಯ. ಆಸ್ಪತ್ರೆಯೊಳಗೆ ಹೋದವನ ಮುಖವನ್ನು ಯಾರೂ ಮತ್ತೆ ನೋಡಲಿಲ್ಲ. ಬೂದಿ ಬಿಳಿ ಬಟ್ಟೆಯ ಗಂಟಿನಲ್ಲಿ ಮನೆ ಬಾಗಿಲಿಗೆ ಬಂತು. ಸುದ್ದಿ ಬಂದಾಗ ದ್ವಾರಕಾನಾಥ ಆಫೀಸಿನ ಆನ್‌ಲೈನ್ ಸಭೆಯಲ್ಲಿದ್ದ. ಫೋನು ಓದಿದ, ಕೆಳಗಿಟ್ಟ, ಮುಂದಿನ ಸ್ಲೈಡಿಗೆ ಹೋದ. ಅಳು ಬರಲಿಲ್ಲ. ಬರುತ್ತದೇನೋ ಎಂದು ಸ್ನಾನದ ಕೋಣೆಯಲ್ಲಿ ಕಾದು ನಿಂತ. ಬಿಸಿನೀರು ತಣ್ಣಗಾಯಿತು, ಅಷ್ಟೇ. ಅನ್ನ ತಿಂದರೆ ರುಚಿಯಿಲ್ಲ. ಅದೂ ರೋಗದ ಲಕ್ಷಣವೆಂದು ಪರೀಕ್ಷೆ ಮಾಡಿಸಿದ, ಏನೂ ಇರಲಿಲ್ಲ.

ಭಾನುವಾರ ಗೂಡು ಹೊಕ್ಕಾಗ ನೆನಪಾಯಿತು, ಹಿಂದಿನ ವಾರ ಅರ್ಧಕ್ಕೆ ನಿಂತ ಪಂದ್ಯದಲ್ಲಿ ಶ್ರೀಕಂಠ ಇನ್ನೂ ಕ್ರೀಸಿನಲ್ಲಿದ್ದಾನೆ. ಆಡಿಸಿದ. ಸೊನ್ನೆ ಬಂತು. ದ್ವಾರಕಾನಾಥ ಸಂದಿಯಿಂದ ಬೆರಳು ತೂರಿಸಿ ಬೇಡವೆಂದು ಅಲ್ಲಾಡಿಸಿದ. ವಸುಧಾ ಬೇರೆ ಪುಟ ತೆರೆದಳು.

ಹಾಗೆಯೇ ವಸಂತ ಬಂತು. ಜೀವಮಾನದಲ್ಲಿ ಮೂವತ್ತು ರನ್ನು ದಾಟದ ಶ್ರೀಕಂಠ ಮೂರಂಕಿ ದಾಟಿ, ಹೂ ಅರಳಿ ಉದುರುವವರೆಗೂ ಆಡುತ್ತಲೇ ಇದ್ದ. ಸೋಫಾದಲ್ಲಿ ಕೂತೇ ಲೆಗ್ ಸ್ಟಂಪ್ ಕಂಡಿದ್ದ ಬಾಲಸುಬ್ರಹ್ಮಣ್ಯನೂ ಆಕ್ಷೇಪ ಎತ್ತಲಿಲ್ಲ. ಅವನ ಬೌಲರುಗಳು ತುಟಿಪಿಟಕ್ಕೆನ್ನದೆ ಬೌಲ್ ಮಾಡಿದರು.

ಕೊನೆಗೆ ಫೋನು ಬಂದದ್ದು ಚಿತ್ರಾಳಿಂದ, ಶ್ರೀಕಂಠನ ಹೆಂಡತಿಯಿಂದ.

"ದ್ವಾರಕಾನಾಥ್, ಅವ್ರನ್ನ ಔಟ್ ಮಾಡಿ."

ಅವನು ಏನೋ ಹೇಳಹೊರಟ.

"ಹರ್ಷಿಣಿ ಪ್ರತಿ ಸಂಡೇ ನಿಮ್ಮ ರೇಡಿಯೋ ಕೇಳ್ತಾಳೆ," ಎಂದಳು. ಮಗಳಿಗೆ ಆರು ವರ್ಷ. "ಪಪ್ಪ ಇಸ್ ಸ್ಟಿಲ್ ಬ್ಯಾಟಿಂಗ್, ಅದಕ್ಕೇ ಮನೆಗೆ ಬಂದಿಲ್ಲ ಅಂತ ಸ್ಕೂಲಲ್ಲಿ ಹೇಳಿದಾಳೆ. ಅವಳ ಕ್ಲಾಸ್ ಸೆನ್ಸೇ ಫೋನ್ ಮಾಡಿದ್ರು."

"ಔಟ್ ಆದ್ರೆ ಬರ್ತಾರೆ ಅನ್ಕೊಳಲ್ವಾ ಅವಳು?"

"ಅನ್ಕೋತಾಳೆ. ಬರಲ್ಲ ಅಂತ ಹೇಳೋದು ನನ್ನ ಕೆಲಸ. ಔಟ್ ಮಾಡೋದು ನಿಮ್ಮ ಕೆಲಸ. ನೀವು ಮಾಡದೆ ನಾನು ಹೇಗೆ ಶುರು ಮಾಡಲಿ?"

ಆ ಭಾನುವಾರ ದ್ವಾರಕಾನಾಥ ಬೆರಳು ತೂರಿಸಬಾರದೆಂದು ಕೈಯನ್ನು ತೊಡೆಯ ಕೆಳಗೆ ಒತ್ತಿಟ್ಟುಕೊಂಡು ಕೂತ. ಆದರೆ ಇದುವರೆಗೆ ಬೇಡವೆಂದರೂ ಬರುತ್ತಿದ್ದ ಸೊನ್ನೆ ಈಗ ಪತ್ತೆಯಿಲ್ಲ. ನಾಲ್ಕು. ಆರು. ಮತ್ತೆ ಆರು. ವಿಷಾನಿಲ ಸೋರಿಕೆ ಅಧ್ಯಾಯದಿಂದ ಎರಡು. ಶ್ರೀಕಂಠ ಕಾವಾಸಾಕಿಯ ಬೌಲರುಗಳನ್ನು ಅಟ್ಟಾಡಿಸಿ ಬಾರಿಸಿದ. ವಿವರಣೆ ಕೊಡುತ್ತಿದ್ದ ಬಾಯಿ ಯಾರದೋ ಎಂಬಂತೆ ತನ್ನ ಪಾಡಿಗೆ ಅಬ್ಬರಿಸುತ್ತಿತ್ತು. ಅವನು ಒಳಗೆ ಕೂತು ಅದನ್ನು ಕೇಳುತ್ತಿದ್ದ.

ಆಮೇಲೆ ವಸುಧಾ ಪುಟ ತೋರಿಸಿ, ತೆಗೆಯದೆ, ಹಾಗೇ ಹಿಡಿದುಕೊಂಡಳು. ಇನ್ನೂರ ಎಂಬತ್ತು.

"ಚೆಂಡು ಮೇಲೆ ಹೋಗಿದೆ," ಎಂದ ದ್ವಾರಕಾನಾಥ. "ಬಹಳ ಮೇಲೆ. ಮಿಡ್ ಆನ್‌ನಲ್ಲಿ ಬಾಲಸುಬ್ರಹ್ಮಣ್ಯ ಇದ್ದಾರೆ."

ಲ್ಯಾಪ್‌ಟಾಪಿನಲ್ಲಿ ಬಾಲಸುಬ್ರಹ್ಮಣ್ಯನ ಸಂದೇಶ ಬಂತು: "ಬೇಕಾದ್ರೆ ಕ್ಯಾಚ್ ಬಿಟ್ಬಿಡ್ತೀನ್ರೀ."

ದ್ವಾರಕಾನಾಥ ಮೈಕಿನಲ್ಲೇ ಉತ್ತರ ಕೊಟ್ಟ. "ಬೇಡ. ಹಿಡೀರಿ."

ಚೆಂಡು ಇಳಿಯಲು ಎಷ್ಟು ಬೇಕೋ ಅಷ್ಟು ಹೊತ್ತು ಬಿಟ್ಟು ಹೇಳಿದ. "ಹಿಡಿದ್ರು. ಶ್ರೀಕಂಠ ಔಟ್."

ಮುಂದೆ ಶ್ರೀಕಂಠ ಬ್ಯಾಟನ್ನು ಕಂಕುಳಿಗೆ ಸಿಕ್ಕಿಸಿ ನಡೆದು ಹೋಗುವುದನ್ನು ಬಣ್ಣಿಸಬೇಕಿತ್ತು. ಬಾಯಿ ತೆರೆದ, ಸ್ವರ ಹೊರಡಲಿಲ್ಲ. ದುಃಖವೋ ಅಲ್ಲವೋ ಅವನಿಗೇ ತಿಳಿಯಲಿಲ್ಲ. ಬಾನುಲಿಯ ಚರಿತ್ರೆಯಲ್ಲಿ ಅದು ಮೊದಲ ಮೌನ. ಮೂರು ಊರುಗಳ ಕೇಳುಗರು ನೆಟ್ ಹೋಯಿತೆಂದು ತಂತಮ್ಮ ವೈಫೈ ಆರಿಸಿ ಹಚ್ಚಿದರು, ಪರದೆಯ ಮೇಲೆ ಹೆಸರುಗಳು ಹೋಗಿ ಹೋಗಿ ಬಂದವು.

ಚಿತ್ರಾಳ ಹೆಸರು ಮಾತ್ರ ಮರಳಿ ಬರಲಿಲ್ಲ. ಅವಳು ರೇಡಿಯೋ ಆರಿಸಿದ್ದಳು. ಅವಳಿಗೆ ಕೆಲಸವಿತ್ತು.