ಕಾವಲು ಕಾಡಿನ ಏಳು ಮರ

ಹಿಮದ ಬೆಟ್ಟಗಳ ನಡುವಿನ ಪ್ರಾದಾಚ್ ಊರಿನ ಚರಿತ್ರೆ ಬರೆಯಲು ಗಿಯೆರಿ ಮೇಷ್ಟ್ರನ್ನು ಬಿಟ್ಟರೆ ಬೇರೆ ಯಾರಿದ್ದಾರೆ ಎಂದು ಪಂಚಾಯಿತಿಯವರು ಒಮ್ಮತದಿಂದ ತೀರ್ಮಾನಿಸಿದರು. ಎಂಬತ್ತೆರಡರ ಮೇಷ್ಟ್ರು ಒಲ್ಲದ ಮನಸ್ಸಿನಿಂದ ಒಪ್ಪಿಕೊಂಡರು.

ಕಣಿವೆಯ ಹೊಳೆ, ಹೇಸರಗತ್ತೆಗಳ ಹಳೇ ದಾರಿ, ಎರಡು ಸಲ ಸುಟ್ಟು ಮತ್ತೆ ಎದ್ದ ಚರ್ಚು, ಎಲ್ಲವನ್ನೂ ಸಲೀಸಾಗಿ ಬರೆದರು. ಪೆನ್ನು ನಿಂತದ್ದು ಕಾವಲು ಕಾಡಿನ ಹತ್ತಿರ. ಊರಿನ ನೆತ್ತಿಯ ಮೇಲೆ ನಿಂತು ಹಿಮಕುಸಿತ ತಡೆಯುವ ಆ ಕಾಡಿನಲ್ಲಿ ಬಿದ್ದ ಕೊಂಬೆಯನ್ನೂ ಎತ್ತಬಾರದೆಂಬುದು ನಾಲ್ಕು ನೂರು ವರ್ಷಗಳ ಕಟ್ಟಳೆ.

ಮದುವೆಯಾದ ಹೊಸತರಲ್ಲಿ, ಮನೆಯ ಮಾಡಿನ ತೊಲೆಗಳಿಗೆಂದು, ಮಂಜು ಕವಿದ ದಿನ ನೋಡಿಕೊಂಡು ಮೇಷ್ಟ್ರು ಅಲ್ಲಿ ಏಳು ಮರ ಉರುಳಿಸಿದ್ದರು. ಏಳೇ ಮರ, ಯಾರ ಕಣ್ಣಿಗೆ ಬೀಳುತ್ತದೆ ಎಂದುಕೊಂಡಿದ್ದರು. ಆ ಫೆಬ್ರವರಿಯಲ್ಲಿ ಅದೇ ಸಂದಿನಿಂದ ಹಿಮ ನುಗ್ಗಿ ಮೂರು ಕೊಟ್ಟಿಗೆ, ಹನ್ನೊಂದು ಹಸುಗಳನ್ನು ಹೂತುಹಾಕಿತು. ಊರು ಬೆರಳು ತೋರಿಸಿದ್ದು ಕಾಡಿನಂಚಿನಲ್ಲಿ ಗುಡಿಸಲಿದ್ದ ಪ್ಲಾಚಿಯ ಕಡೆಗೆ. ಬೇಸಿಗೆಯಲ್ಲಿ ಬೆಟ್ಟದ ಹುಲ್ಲುಗಾವಲಿಗೆ ಊರಿನ ದನ ಹೊಡೆದೊಯ್ಯುವ ಯಜಮಾನಿಕೆಯನ್ನು ಅವನಿಂದ ಕಿತ್ತುಕೊಂಡರು. ಚರ್ಚಿನಲ್ಲಿ ಅವನ ಬೆಂಚಿನಲ್ಲಿ ಯಾರೂ ಕೂರದಾದರು. ತಾನಲ್ಲ ಎಂದು ಪ್ಲಾಚಿ ಹೇಳಿದ್ದು ಒಂದೇ ಸಲ. ಮೇಷ್ಟ್ರು ತುಟಿ ಬಿಚ್ಚಲಿಲ್ಲ. ಸಾಲದ್ದಕ್ಕೆ ವರ್ಷವರ್ಷವೂ ತರಗತಿಯಲ್ಲಿ ಕಾಡಿನ ಪಾಠ ಮಾಡಿ, ಒಬ್ಬ ದುರಾಸೆಯವನಿಂದ ಊರಿಗೆ ಏನಾಯಿತು ನೋಡಿ ಎಂದರು. ಪ್ಲಾಚಿಯ ಮಗಳು ಬಾರ್ಲಾ ಮುಂದಿನ ಬೆಂಚಿನಲ್ಲೇ ತಲೆ ತಗ್ಗಿಸಿ ಕೂತಿರುತ್ತಿದ್ದಳು. ಛೀ, ಎಂಥ ನಾಲಿಗೆ ಅದು!

ಪ್ಲಾಚಿ ತೀರಿಹೋಗಿ ಇಪ್ಪತ್ತು ವರ್ಷಗಳ ಮೇಲಾಗಿತ್ತು. ಈಗ ಸುಳ್ಳು ಅಚ್ಚಾದರೆ ಅದೇ ಊರಿನ ಚರಿತ್ರೆ. ಮೂರು ವಾರ ಒದ್ದಾಡಿ, ಕೊನೆಗೆ ನಿಜವನ್ನೇ ಬರೆದು, ಆ ಹಾಳೆಯನ್ನು ಬಾರ್ಲಾ ಚೀಸ್ ಮಾಡುವ ಮನೆಗೆ ಒಯ್ದರು. ತಾಮ್ರದ ಹಂಡೆಯಲ್ಲಿ ಹಾಲು ಕದಡುತ್ತಿದ್ದ ಅವಳು ಕೈ ಒರೆಸಿಕೊಂಡು ಓದಿದಳು. ಮುಖದಲ್ಲಿ ಆಶ್ಚರ್ಯವೇ ಇರಲಿಲ್ಲ.

"ಅಪ್ಪಂಗೆ ಗೊತ್ತಿತ್ತು ಮೇಷ್ಟ್ರೇ. ಕೊಡಲಿ ಸದ್ದು ಕೇಳಿ ಬಂದು ನೋಡಿದ್ದ. ಮೇಷ್ಟ್ರ ಮೇಲೆ ಹೇಳಿದ್ರೆ ಯಾರು ನಂಬ್ತಾರೆ, ಅವರೇ ಒಂದಿನ ಹೇಳ್ತಾರೆ ಬಿಡು ಅಂತಿದ್ದ."

ಮೇಷ್ಟ್ರಿಗೆ ಭೂಮಿ ಬಾಯಿ ಬಿಡಬಾರದೇ ಅನ್ನಿಸಿತು. ಇದನ್ನು ಅಚ್ಚು ಮಾಡಿಸುತ್ತೇನೆ ಎಂದು ತೊದಲಿದರು.

"ಮಾಡ್ಸಿ. ಅದಕ್ಕೆ ಮುಂಚೆ ಭಾನುವಾರ ಪೂಜೆ ಮುಗಿದ್ಮೇಲೆ ಚರ್ಚಿನ ಮುಂದೆ ನಿಂತು ನೀವೇ ಓದಿ."

ಓದುತ್ತೇನೆ ಎಂದು ಒಪ್ಪಿಕೊಂಡು ಎದ್ದರು. ಅವಳ ಮಾತು ಇನ್ನೂ ಮುಗಿದಿರಲಿಲ್ಲ.

"ಸ್ಕೂಲಿಂದ ಬಂದ ಕೂಡ್ಲೇ ಅಪ್ಪ ಕೇಳೋನು, ಕಾಡಿನ ಪಾಠ ಆಯ್ತಾ, ಮೇಷ್ಟ್ರು ಏನಂದ್ರು ಅಂತ."

ನೀನೇನು ಹೇಳುತ್ತಿದ್ದೆ ಎಂದು ಮೇಷ್ಟ್ರು ನೆಲ ನೋಡುತ್ತಲೇ ಕೇಳಿದರು.

"ಈ ವರ್ಷ ಆ ಪಾಠ ಬಿಟ್ಬಿಟ್ರು ಅಂತಿದ್ದೆ. ಪ್ರತಿ ವರ್ಷ."